ದೊಡ್ಡ ಡ್ರಮ್ಮಿನ ಯೂರಿಯಾ

"ನಿಮ್ಮವರಿಗೆ ಒಂದು ಡ್ರಮ್ ತಿರುಗಿಸೋಕೂ ಬರಲ್ವಾ, ಸತೀಶ್?"

ಚಾಮರಾಜಪೇಟೆಯ ಗೊಬ್ಬರದ ಕಂಪನಿಯ ಆಫೀಸಿನಲ್ಲಿ, ಎಲ್ಲರೆದುರು ಅಲಮೇಲು ಹಾಗೆ ಕೇಳಿಬಿಟ್ಟಳು. ಯೂರಿಯಾ ಕಾಳನ್ನು ಡ್ರಮ್ಮಿನಲ್ಲಿ ತಿರುಗಿಸುತ್ತಾ ಬೇವಿನೆಣ್ಣೆ ಲೇಪಿಸುವ ವಿಧಾನ ಅವಳದು, ಮಲ್ಲೇಶ್ವರದ ಪುಟ್ಟ ಲ್ಯಾಬಿನಲ್ಲಿ ಹುಟ್ಟಿದ್ದು. ಅದನ್ನು ಟನ್ನುಗಟ್ಟಲೆ ತಯಾರಿಸಲು ಈ ಕಂಪನಿ ಕೈಜೋಡಿಸಿತ್ತು. ಮೊದಲ ದೊಡ್ಡ ಟ್ರಯಲ್‌ನಲ್ಲೇ ಕಾಳೆಲ್ಲ ಅಂಟಿಕೊಂಡು ಬಂಡೆಯಾಗಿತ್ತು.

ಕಂಪನಿಯ ಎಂಜಿನಿಯರ್ ಸತೀಶ್ ಅವಳತ್ತ ನೋಡಿದ. ಮೀಟಿಂಗುಗಳ ನಡುವೆ ಕದ್ದುಮುಚ್ಚಿ ಅವಳನ್ನು ಹುಡುಕುತ್ತಿದ್ದ ಆ ತುಂಟ ಕಣ್ಣು ಅಂದು ನಗಲಿಲ್ಲ.

"ಚೆಕ್ ಮಾಡ್ತೀನಿ," ಅಂದ, ಅಷ್ಟೇ.

ಮರುದಿನ ಲ್ಯಾಬಿನಲ್ಲಿ ಲೆಕ್ಕ ಹಾಕುತ್ತಿದ್ದಂತೆ ಅಲಮೇಲುವಿಗೆ ತನ್ನ ತಪ್ಪು ಕಂಡಿತು. ಪುಟ್ಟ ಡ್ರಮ್ಮಿನಲ್ಲಿ ಕಾಳು ತಾನಾಗಿಯೇ ಆರುತ್ತಿತ್ತು. ದೊಡ್ಡದರಲ್ಲಿ ಬಿಸಿ ಒಳಗೇ ಉಳಿದು ಕಾಳು ಅಂಟಿಕೊಳ್ಳುತ್ತದೆ. ತಣ್ಣನೆಯ ಗಾಳಿ ಊದಬೇಕಿತ್ತು. ಟ್ರಯಲ್‌ಗೆ ಮುಂಚೆ ಸತೀಶ್ ಕೇಳಿಯೂ ಇದ್ದ, ಕಾಫಿ ಕುಡಿಯುತ್ತಾ: "ಗಾಳಿ ಬೇಡ್ವಾ?"

"ಗಾಳಿ ಬೇಕಿದ್ರೆ ಸ್ಯಾಂಕಿ ಕೆರೆ ಹತ್ರ ಹೋಗಿ," ಎಂದು ಇವಳು ನಕ್ಕಿದ್ದಳು. ಅವನ ನಗು ನೋಡುವ ಆಸೆಗೆ ಪ್ರಶ್ನೆಯನ್ನೇ ಮರೆತಿದ್ದಳು.

ನಾಚಿಕೆಯಿಂದ ಅವಳಿಗೆ ಅನ್ನ ಸೇರಲಿಲ್ಲ. ಆಟೋ ಹತ್ತಿ ನೇರ ಕಂಪನಿಯ ಡೈರೆಕ್ಟರ್ ಮಲ್ಲಿಕಾರ್ಜುನಯ್ಯನವರ ಕೋಣೆಗೆ ಹೋದಳು.

"ತಪ್ಪು ನಂದು ಸಾರ್. ಸತೀಶ್ ಮೊದಲೇ ಕೇಳಿದ್ರು, ನಾನೇ ತಮಾಷೆ ಮಾಡ್ಬಿಟ್ಟೆ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇನ್ನೊಂದು ಟ್ರಯಲ್ ಕೊಡ್ತೀನಮ್ಮ. ಇದೇ ಕೊನೇದು."

ವಿಷಯ ತಿಳಿದು ಸತೀಶ್ ಮೆಟ್ಟಿಲ ಬಳಿ ಕಾಯುತ್ತಿದ್ದ.

"ಯಾಕೆ ಹೇಳೋಕೆ ಹೋದ್ರಿ?"

"ನೀವ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಅಗ್ರಿಮೆಂಟೇ ಮುರಿದು ಬೀಳ್ತಿತ್ತು. ಆಮೇಲೆ ನೀವು ಈ ಕಡೆ ಯಾಕೆ ಬರ್ತಿದ್ರಿ?" ಅವನ ದನಿ ಇಳಿಯಿತು. "ಆದ್ರೆ ನೋವಾಯ್ತು, ಅಲಮೇಲು. ಬೇರೆಯವರಲ್ಲ, ನೀವೇ ಅಂದಿದ್ದಕ್ಕೆ ನೋವಾಯ್ತು."

ಅವಳ ಕಿವಿಯವರೆಗೂ ಬಿಸಿಯೇರಿತು. ಸೆರಗಿನ ತುದಿ ಹಿಂಡುತ್ತಾ ನಿಂತಳು.

"ಭಾನುವಾರ ನಮ್ಮನೆಗೆ ಬರ್ತೀರಾ?"

"ಟ್ರಯಲ್ ವಿಷ್ಯಾನಾ?"

"ಅಲ್ಲ. ಅಪ್ಪ-ಅಮ್ಮನ್ನ ನೋಡೋಕೆ."

"ಒಪ್ತಾರಾ ಅವರು?"

"ಗೊತ್ತಿಲ್ಲ. ನಾನಂತೂ ಒಪ್ಪಿ ಆರು ತಿಂಗಳಾಯ್ತು. ಹೀಗಿದ್ದೂ ಅಂಥ ಮಾತಾಡಿದೆನಲ್ಲಾ..."

ಅವಳಿಗೆ ಅಳು ನುಗ್ಗಿ ಬಂತು. ಅವನು ಮೆಲ್ಲಗೆ ಅವಳ ಬೆರಳು ಹಿಡಿದ. ತಲೆ ಎತ್ತುವ ಧೈರ್ಯ ಅವಳಿಗೆ ಇನ್ನೂ ಬಂದಿರಲಿಲ್ಲ. ಆದರೆ ಕೈ ಬಿಡಿಸಿಕೊಳ್ಳಲಿಲ್ಲ.