ಡಬ್ಬಿಯ ರಬ್ಬರ್

"ಬೇಗ ತೊಳ್ಕೊಳೇ, ಬೆಲ್ ಆಗತ್ತೆ," ಎಂದಳು ಅನು. ಯಾರಾದರೂ ಮಿಸ್ ಬರುತ್ತಾರೇನೋ ಎಂದು ಅವಳು ಕಾರಿಡಾರಿನ ಕಡೆಗೇ ನೋಡುತ್ತಿದ್ದಳು.

ಅನಘಾ ಸ್ಕೂಲಿನ ಹಿಂದಿನ ನಲ್ಲಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಕೈವಾರದ ಮೊನೆಯಿಂದ ಊಟದ ಡಬ್ಬಿಯ ಮುಚ್ಚಳಕ್ಕೆ ಕಚ್ಚಿಕೊಂಡಿದ್ದ ರಬ್ಬರನ್ನು ಎಬ್ಬಿಸುತ್ತಿದ್ದಳು. ಬಳೆಯ ಹಾಗೆ ದುಂಡಗಿರುವ ಬಿಳಿ ರಬ್ಬರ್. ಅದಿದ್ದರೆ ಡಬ್ಬಿ ಸೋರುವುದಿಲ್ಲ. ಆದರೆ ಅದರ ಸಂದಿಯಲ್ಲಿ ಹುಳಿಯ ವಾಸನೆ ಕೂತುಬಿಟ್ಟರೆ ಎಂಥ ಸೋಪಿಗೂ ಜಗ್ಗುವುದಿಲ್ಲ. ಬಿಡಿಸಿ ತೊಳೆದರೆ ಮಾತ್ರ ಹೋಗುತ್ತದೆ.

"ದಿನಾ ನೀನ್ಯಾಕೆ ತೊಳೀತೀಯ? ಮನೇಲಿ ಯಾರೂ ಇಲ್ವಾ?"

"ಇದಾರೆ."

"ಮತ್ತೆ?"

"ಇದಾರೆ, ಅದಕ್ಕೇ," ಎಂದಳು ಅನಘಾ.

ರಬ್ಬರ್ ಎದ್ದು ಬಂತು. ಸೋಪಿನ ಕೈಯಲ್ಲಿ ಅದನ್ನು ಉಜ್ಜುತ್ತಿರುವಾಗಲೇ ಬೆಲ್ ಹೊಡೆಯಿತು. ಅವಳು ಬೆಚ್ಚಿದಳು. ರಬ್ಬರ್ ಬೆರಳಿನಿಂದ ಜಾರಿ, ನೀರಿನ ಜೊತೆ ಓಡಿ, ಮೋರಿಯ ಜಾಲರಿ ಮುರಿದಿದ್ದ ಮೂಲೆಯಲ್ಲಿ ಒಳಗೆ ಹೋಗಿಯೇಬಿಟ್ಟಿತು.

ಇಬ್ಬರೂ ಬಗ್ಗಿ ನೋಡಿದರು. ಒಳಗೆ ಕತ್ತಲೆ. ನೀರಿನ ಗುಳುಗುಳು ಸದ್ದು ಮಾತ್ರ.

"ಹೋಯ್ತು ಕಣೇ," ಎಂದಳು ಅನು.

* * *

ಇದು ಶುರುವಾದದ್ದು ಲಿಂಗಮ್ಮನ ಮಂಡಿ ನೋವಿನಿಂದ. ಬಸವೇಶ್ವರನಗರದ ಆ ಬಾಡಿಗೆ ಮನೆಗೆ ಅನಘಾ ಹುಟ್ಟುವ ಮೊದಲಿನಿಂದಲೂ ಲಿಂಗಮ್ಮ ಪಾತ್ರೆ ತಿಕ್ಕಲು ಬರುತ್ತಿದ್ದಳು. ಮೂರು ತಿಂಗಳ ಹಿಂದೆ, "ಮಹಡಿ ಹತ್ತಕ್ಕೆ ಆಗಲ್ಲ ಕಣಮ್ಮ," ಎಂದು ಹೇಳಿ ನಿಂತುಬಿಟ್ಟಳು.

ಅಡುಗೆ ಅಮ್ಮನದು, ಪಾತ್ರೆ ಅಪ್ಪನದು ಎಂದು ಅವತ್ತೇ ಮಾತಾಯಿತು. ಮಾತು ಸುಲಭವಾಗಿಯೇ ಇತ್ತು. ಪಾತ್ರೆಯೇ ಕಷ್ಟ ಕೊಟ್ಟದ್ದು.

ಅಮ್ಮನ ಕೆಲಸ ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ. ಅಲ್ಲಿ ಒಂದು ಕಲೆ ಉಳಿದರೂ ತಪ್ಪೇ. ಅಪ್ಪನ ಕೆಲಸ ರಾಜಾಜಿನಗರದ ಪ್ರೆಸ್ಸಿನಲ್ಲಿ, ಬೈಂಡಿಂಗ್ ಕಡೆ. ಅಲ್ಲಿ ಎಷ್ಟು ಒರೆಸಿದರೂ ಅಂಟು ಅಂಟೇ. ಹೀಗಾಗಿ ಅಪ್ಪನಿಗೆ ಶುಭ್ರವಾಗಿ ಕಂಡ ಬಾಣಲೆ ಅಮ್ಮನ ಕೈಗೆ ಜಿಡ್ಡಾಗಿ ಸಿಗುತ್ತಿತ್ತು.

"ತಳ ನೋಡಿದ್ರಾ? ಲೋಟ ಬೋರಲು ಹಾಕಿ ಅಂತ ಎಷ್ಟು ಸಲ ಹೇಳೋದು? ಒಳಗೆ ನೀರು ನಿಲ್ಲತ್ತೆ."

"ಇದು ಆಸ್ಪತ್ರೆ ಅಲ್ಲ ಕಣೇ ಹೇಮಾ, ಮನೆ," ಎನ್ನುತ್ತಿದ್ದ ಅಪ್ಪ.

"ಮನೆ ಅಂತಾನೇ ಹೇಳ್ತಾ ಇರೋದು."

ಇಬ್ಬರೂ ಕೂಗಾಡುತ್ತಿರಲಿಲ್ಲ. ಕೂಗಾಡುವಷ್ಟು ಶಕ್ತಿ ರಾತ್ರಿಯ ಹೊತ್ತಿಗೆ ಯಾರಲ್ಲೂ ಉಳಿದಿರುತ್ತಿರಲಿಲ್ಲ. ಒಂದೊಂದು ಮಾತು ಆಡಿ ಸುಮ್ಮನಾಗುತ್ತಿದ್ದರು. ಆ ಸುಮ್ಮನಿರುವುದೇ ಅನಘಾಗೆ ಜಗಳಕ್ಕಿಂತ ಕಷ್ಟವಾಗುತ್ತಿತ್ತು. ಮೂರು ವಾರದ ಹಿಂದೆ ಒಂದು ದಿನ ಅವಳ ಡಬ್ಬಿಯಲ್ಲಿ ಹಿಂದಿನ ದಿನದ ಹುಳಿಯ ವಾಸನೆ ಸಿಕ್ಕಿತೆಂದು ಮನೆ ಎರಡು ದಿನ ಸುಮ್ಮನಿತ್ತು.

ಮೂರನೆಯ ದಿನದಿಂದ ಅಮ್ಮ ದೂರುವುದನ್ನು ಬಿಟ್ಟಳು. ಅದರ ಬದಲು ಬೆಳಗಿನ ಜಾವ ಐದೂವರೆಗೆ ಎದ್ದು, ಅಪ್ಪ ತೊಳೆದಿಟ್ಟ ಪಾತ್ರೆಗಳನ್ನು ಮತ್ತೊಮ್ಮೆ ತೊಳೆಯತೊಡಗಿದಳು. ಅಪ್ಪನಿಗೆ ಕೇಳಬಾರದೆಂದು ನಲ್ಲಿಯನ್ನು ದಾರದಷ್ಟು ಸಣ್ಣಗೆ ಬಿಡುತ್ತಿದ್ದಳು. ಹಾಲಿನಲ್ಲಿ ಮಲಗುವ ಅನಘಾಗೆ ಮಾತ್ರ ಎಲ್ಲವೂ ಕೇಳುತ್ತಿತ್ತು.

ಅದೇ ಮೂರನೆಯ ದಿನದಿಂದ ಅನಘಾ ಕೂಡ ಡಬ್ಬಿಯನ್ನು ಸ್ಕೂಲಿನಲ್ಲೇ ತೊಳೆದು ತರತೊಡಗಿದಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅಪ್ಪ ಅದನ್ನು ರಾತ್ರಿ ಹೇಗೆ ತೊಳೆದರೂ ಸರಿ, ವಾಸನೆ ಇರುವುದಿಲ್ಲವಲ್ಲ.

ಅವಳ ಉಪಾಯ ಅವಳು ಎಣಿಸಿದ್ದಕ್ಕಿಂತ ಚೆನ್ನಾಗಿ ಫಲ ಕೊಟ್ಟಿತು. ಒಂದು ರಾತ್ರಿ ಊಟದ ಹೊತ್ತಿನಲ್ಲಿ ಅಮ್ಮ ತಾನಾಗಿಯೇ ಹೇಳಿದಳು. "ಬೇರೇದು ಹೇಗಾದ್ರೂ ಇರ್ಲಿ, ಡಬ್ಬಿ ಮಾತ್ರ ಚೆನ್ನಾಗಿ ತೊಳೀತೀರ. ರಬ್ಬರ್ ಕೂಡ ಬಿಡಿಸಿ ತೊಳೀತೀರಲ್ಲ."

ಅಪ್ಪನ ಕೈ ತಟ್ಟೆಯ ಮೇಲೆ ಒಂದು ಕ್ಷಣ ನಿಂತಿತು. "ಹ್ಞೂಂ," ಎಂದು ಚಪಾತಿ ಮುರಿದ.

ಅಪ್ಪ ರಬ್ಬರ್ ಬಿಡಿಸುವುದಿಲ್ಲ ಎಂಬುದು ಅನಘಾಗೆ ಗೊತ್ತಿತ್ತು. ಒಮ್ಮೆ ಅವನು ಬಿಡಿಸಲು ನೋಡಿದ್ದ. ಬೈಂಡಿಂಗ್ ಕೆಲಸದಲ್ಲಿ ಸವೆದ ಉಗುರಿಗೆ ಅದು ಸಿಕ್ಕಿರಲಿಲ್ಲ. ಆದರೂ ಅವತ್ತಿನಿಂದ ಅಪ್ಪ ಡಬ್ಬಿಯನ್ನು ಎಲ್ಲಕ್ಕಿಂತ ಕೊನೆಗೆ ತೊಳೆದು, ಬಟ್ಟೆಯಲ್ಲಿ ಒರೆಸಿ, ಎಲ್ಲರಿಗೂ ಕಾಣುವ ಹಾಗೆ ಕಿಟಕಿಯ ಕಟ್ಟೆಯ ಮೇಲೆ ಇಡುತ್ತಿದ್ದ. ಬೆಳಿಗ್ಗೆ ಅಮ್ಮ ಎರಡನೆಯ ಸಲ ತೊಳೆಯದೆ ಬಿಡುತ್ತಿದ್ದ ಪಾತ್ರೆ ಅದೊಂದೇ.

ಈಗ ಅದರ ರಬ್ಬರೇ ಇಲ್ಲ.

* * *

ಅವತ್ತು ಗುರುವಾರ. ರಾತ್ರಿ ಮನೆಯಲ್ಲಿ ಅನಘಾ ರಬ್ಬರಿನ ವಿಷಯ ಎತ್ತಲಿಲ್ಲ. ಅಪ್ಪ ಎಂದಿನಂತೆ ಡಬ್ಬಿ ತೊಳೆದು, ಒರೆಸಿ, ಕಿಟಕಿಯಲ್ಲಿ ಇಟ್ಟ. ಅವನಿಗೆ ಏನೂ ಗೊತ್ತಾಗಲಿಲ್ಲ.

ಶುಕ್ರವಾರ ಬೆಳಿಗ್ಗೆ ಪುಳಿಯೋಗರೆ ತುಂಬುವಾಗ ಅಮ್ಮನಿಗೆ ಗೊತ್ತಾಯಿತು.

"ರೀ, ಇದರ ರಬ್ಬರ್ ಎಲ್ಲಿ?"

ಅಪ್ಪ ಶೇವ್ ಮಾಡುತ್ತಿದ್ದವನು ಅರ್ಧ ನೊರೆಯ ಮುಖದಲ್ಲೇ ಬಂದ. "ಅದರಲ್ಲೇ ಇತ್ತಲ್ಲ."

"ಇಲ್ಲ. ನಿನ್ನೆ ತೊಳೆಯುವಾಗ ಬಿಡಿಸಿದ್ರಾ?"

ಅನಘಾ ಶೂ ಲೇಸ್ ಕಟ್ಟುವುದನ್ನು ನಿಲ್ಲಿಸಿದಳು. ಬಿಡಿಸಲಿಲ್ಲ ಎಂದರೆ, ಇಷ್ಟು ದಿನವೂ ಬಿಡಿಸಿರಲಿಲ್ಲ ಎಂದಾಗುತ್ತದೆ. ಬಿಡಿಸಿದೆ ಎಂದರೆ, ಕಳೆದದ್ದು ತಾನೇ ಎಂದಾಗುತ್ತದೆ. ಅಪ್ಪ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯ ಹಾಗೆ ನಿಂತಿದ್ದ. ನೊರೆ ಕುತ್ತಿಗೆಗೆ ಇಳಿಯುತ್ತಿತ್ತು.

"ಬಿಡಿಸಿದ್ದೆ," ಎಂದ ಕೊನೆಗೆ. "ಜಾರಿ ಸಿಂಕಿಗೆ ಹೋಗಿರಬೇಕು."

ಅಮ್ಮ ಸ್ಟೂಲಿನ ಮೇಲೆ ಕೂತಳು. "ಅದೊಂದಾದ್ರೂ ನೋಡ್ಕೋತೀರ ಅಂದ್ಕೊಂಡಿದ್ದೆ."

"ಒಂದು ರಬ್ಬರ್ ಹೇಮಾ. ಬೇರೆ ತಂದ್ರಾಯ್ತು."

"ಆ ಸೈಜಿಂದು ಬಿಡಿಯಾಗಿ ಎಲ್ಲಿ ಸಿಗತ್ತೆ? ಬಿಡಿ. ನಾಳೆಯಿಂದ ನೀವು ಪಾತ್ರೆ ಮುಟ್ಟಬೇಡಿ. ನಾನೇ ತೊಳ್ಕೋತೀನಿ."

"ಅಡುಗೇನೂ ನೀನೇ, ಪಾತ್ರೆನೂ ನೀನೇನಾ? ರಾತ್ರಿ ನಿನ್ನ ಕಾಲು ನೋಡ್ಕೊಂಡಿದೀಯಾ, ಹೇಗೆ ಊದಿರತ್ತೆ ಅಂತ?"

"ಊದಲಿ. ಆಮೇಲೆ ನಾನು ಯಾರನ್ನೂ ಏನೂ ಕೇಳೋ ಹಾಗಿರಲ್ಲ."

ಅಪ್ಪ ನೊರೆ ಒರೆಸಿಕೊಳ್ಳಲು ಒಳಗೆ ಹೋದ. ಅಮ್ಮ ಪುಳಿಯೋಗರೆಯನ್ನು ಹಳೆಯದೊಂದು ಪ್ಲಾಸ್ಟಿಕ್ ಡಬ್ಬಿಗೆ ಹಾಕಿಕೊಟ್ಟಳು.

* * *

"ಹೇಳ್ಬಿಡೇ, ನಾನೇ ಕಳೆದಿದ್ದು ಅಂತ," ಎಂದಳು ಅನು, ಮಧ್ಯಾಹ್ನ ಊಟದಲ್ಲಿ.

"ಹೇಳಿದ್ರೆ ಅಪ್ಪ ಸುಳ್ಳು ಹೇಳಿದ್ದು ಗೊತ್ತಾಗತ್ತೆ."

"ಹಾಗಾದ್ರೆ ಹೇಳ್ಬೇಡ."

"ಹೇಳ್ದೇ ಇದ್ರೆ ಅಮ್ಮ ಒಬ್ಬಳೇ ಎಲ್ಲಾ ತೊಳೀಬೇಕು. ಅಪ್ಪನ್ನ ಮುಟ್ಟೋಕೇ ಬಿಡಲ್ಲ."

ಅನು ಯೋಚಿಸುತ್ತಾ ಅನಘಾಳ ಡಬ್ಬಿಯಿಂದಲೇ ಒಂದು ಕಡಲೆಬೀಜ ಹೆಕ್ಕಿಕೊಂಡಳು. "ನಮ್ಮನೇಲಿ ಡಿಶ್‌ವಾಷರ್ ತಗೊಳ್ಳೋಣ ಅಂತ ಎರಡು ವರ್ಷದಿಂದ ಜಗಳ ಆಡ್ತಿದಾರೆ. ತಗೊಂಡ್ರೆ ಅದರೊಳಗೆ ಪಾತ್ರೆ ಯಾರು ಜೋಡಿಸೋದು ಅಂತ."

ಅನಘಾಗೆ ನಗು ಬಂತು. ಆದರೂ ಉಳಿದ ಪುಳಿಯೋಗರೆಯನ್ನು ಅನುವಿನ ಕಡೆಗೇ ಸರಿಸಿದಳು.

* * *

ಸಂಜೆ ಅವಳು ಟ್ಯೂಷನ್ ಮುಗಿಸಿ ಬರುವ ಹೊತ್ತಿಗೆ ಅಪ್ಪನ ಸ್ಕೂಟರ್ ಗೇಟಿನ ಹತ್ತಿರ ಇತ್ತು. ಎಂದಿಗಿಂತ ಒಂದು ಗಂಟೆ ಮೊದಲೇ ಬಂದಿದ್ದ. ಅಡುಗೆಮನೆಯಲ್ಲಿ ಸಿಂಕಿನ ಕೆಳಗೆ ಅವನ ಬೆನ್ನು ಮಾತ್ರ ಕಾಣುತ್ತಿತ್ತು. ಪಕ್ಕದಲ್ಲಿ ಬಕೆಟ್, ಸ್ಪ್ಯಾನರ್, ಹಳೆಯ ಪೇಪರ್.

"ಏನ್ ಮಾಡ್ತಿದೀಯಪ್ಪ?"

"ಪೈಪ್ ಬಿಚ್ತಾ ಇದೀನಿ. ಈ ಬಗ್ಗಿರೋ ಕಡೆ ಏನು ಬಿದ್ರೂ ನಿಂತ್ಕೊಂಡಿರತ್ತೆ. ಇಲ್ಲೇ ಸಿಗತ್ತೆ ನೋಡು."

ರಬ್ಬರ್ ತಾನಾಗಿಯೇ ಕಳಚಿ ಬಿದ್ದಿದೆ ಎಂದು ಅಪ್ಪ ನಿಜವಾಗಿಯೂ ನಂಬಿದ್ದ. ಪೈಪ್ ಬಿಚ್ಚಿಕೊಂಡಿತು. ಕಪ್ಪು ನೀರು ಬಕೆಟ್ಟಿಗೆ ಸುರಿಯಿತು. ಅನಘಾ ಮೂಗು ಮುಚ್ಚಿಕೊಂಡಳು. ಅಪ್ಪ ಆ ನೀರಿಗೇ ಕೈ ಹಾಕಿ ತಡಕಾಡಿದ. ಕಾಗದದ ಅಂಚು ಕೊಯ್ದ ಗೆರೆಗಳು ಅವನ ಬೆರಳಿನ ತುಂಬಾ ಇದ್ದವು. ಒಮ್ಮೆ "ಸ್ಸ್" ಎಂದು ಕೈ ಹಿಂದೆಳೆದು, ಮತ್ತೆ ಹಾಕಿದ.

ಅದೇ ಹೊತ್ತಿಗೆ ಅಮ್ಮ ಬಂದಳು. ಚಪ್ಪಲಿ ಬಿಟ್ಟು, ಬ್ಯಾಗ್ ಹೆಗಲಿನಲ್ಲೇ ಇಟ್ಟುಕೊಂಡು ಬಾಗಿಲಲ್ಲಿ ನಿಂತಳು.

"ಇದೇನ್ರೀ ಇದು?"

"ಸಿಗತ್ತೆ ಇರು."

"ಬಿಡಿ ಅಂದ್ನಲ್ಲ ಬೆಳಿಗ್ಗೇನೇ."

"ಸಿಗತ್ತೆ ಹೇಮಾ."

ಅಪ್ಪ ಮತ್ತೆ ಕೈ ಹಾಕಿದ. ಸಿಗುವುದಿಲ್ಲ ಎಂದು ಆ ಮನೆಯಲ್ಲಿ ಒಬ್ಬಳಿಗೆ ಮಾತ್ರ ಗೊತ್ತಿತ್ತು.

"ಅಲ್ಲಿಲ್ಲ ಅದು," ಎಂದಳು ಅನಘಾ. ದನಿ ಅವಳದೇ ಅಲ್ಲವೇನೋ ಎಂಬಂತಿತ್ತು. "ಸ್ಕೂಲಲ್ಲಿ ಮೋರಿಗೆ ಬಿತ್ತು. ನಾನೇ ಬೀಳಿಸಿದ್ದು."

ಅಮ್ಮ ಬ್ಯಾಗ್ ಕೆಳಗಿಟ್ಟಳು. "ಸ್ಕೂಲಲ್ಲಿ ಅದನ್ನ ಯಾಕೆ ಬಿಡಿಸಿದೆ?"

"ತೊಳಿಯೋಕೆ. ದಿನಾ ತೊಳೀತೀನಿ. ಅವತ್ತು ವಾಸನೆ ಬಂತಲ್ಲ, ಅವತ್ತಿನಿಂದ."

ಅಮ್ಮ ಮಗಳನ್ನು ನೋಡಿದಳು. ಆಮೇಲೆ ಸಿಂಕಿನ ಕೆಳಗಿನ ಬೆನ್ನನ್ನು ನೋಡಿದಳು. "ಬೆಳಿಗ್ಗೆ ಬಿಡಿಸಿದ್ದೆ ಅಂದ್ರಿ."

ಬೆನ್ನು ಅಲುಗಾಡಲಿಲ್ಲ. "ಇಲ್ಲ. ಯಾವತ್ತೂ ಬಿಡಿಸಿಲ್ಲ. ನನ್ನ ಉಗುರಿಗೆ ಸಿಗಲ್ಲ ಅದು."

"ಮತ್ತೆ ಅವತ್ತು ನಾನು ಹೊಗಳಿದಾಗ ಹ್ಞೂಂ ಅಂದ್ರಿ?"

"ಮೂರು ತಿಂಗಳಿಂದ ತೊಳೀತಿದೀನಿ. ಒಂದೇ ಒಂದು ಸಲ ಚೆನ್ನಾಗಿದೆ ಅಂದೆ. ಹೇಗೆ ಅಲ್ಲ ಅನ್ಲಿ?"

ಬಕೆಟ್ಟಿಗೆ ತೊಟ್ಟು ತೊಟ್ಟಾಗಿ ನೀರು ಬೀಳುತ್ತಿತ್ತು. ಅಪ್ಪ ಹಿಂದಕ್ಕೆ ಸರಿದು, ಕಪ್ಪಾದ ಕೈಗಳನ್ನು ಮೈಯಿಂದ ದೂರ ಹಿಡಿದುಕೊಂಡು ಗೋಡೆಗೆ ಒರಗಿ ಕೂತ.

"ಉಳಿದಿದ್ದನ್ನೆಲ್ಲ ನೀನು ಬೆಳಿಗ್ಗೆ ಇನ್ನೊಂದು ಸಲ ತೊಳೀತೀಯ. ಗೊತ್ತು ನನಗೆ."

ಅಮ್ಮನ ಮುಖ ಕೆಂಪಾಯಿತು. "ಎಚ್ಚರ ಇರ್ತೀರಾ?"

"ನಲ್ಲಿ ಎಷ್ಟು ಸಣ್ಣಗೆ ಬಿಟ್ರೂ ಕೇಳತ್ತೆ."

"ಎದ್ದು ಬಂದು ಕೇಳಬಹುದಿತ್ತು."

"ಏನಂತ ಕೇಳ್ಲಿ?"

ಅಮ್ಮ ಫ್ರಿಜ್ಜಿಗೆ ಒರಗಿ ನೆಲದ ಮೇಲೆ ಕೂತು ಕಾಲು ಚಾಚಿದಳು. ಪಾದದ ಮೇಲೆ ಚಪ್ಪಲಿಯ ಪಟ್ಟಿ ಕೊರೆದ ಗುರುತು ಆಳವಾಗಿತ್ತು. "ಜಗಳ ಬೇಡ ಅಂತ ಮಾಡ್ತಿದ್ದೆ," ಎಂದಳು. ಆಮೇಲೆ ಅನಘಾಳ ಕಡೆ ತಿರುಗಿ, "ನೀನ್ಯಾಕೆ ನನಗೆ ಹೇಳ್ಲಿಲ್ಲ?" ಎಂದಳು.

"ನಾನೂ ಅದಕ್ಕೇ," ಎಂದಳು ಅನಘಾ.

ಅಮ್ಮ ಕೈ ಚಾಚಿ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡಳು.

ಅಪ್ಪ ಬಕೆಟ್ ಎತ್ತಲು ಬಗ್ಗಿದವನು, ಅದರೊಳಗಿನಿಂದ ಏನನ್ನೋ ತೆಗೆದು ಹಿಡಿದ. ಉಪ್ಪಿನಕಾಯಿ ಭರಣಿಯ ಪುಟ್ಟ ಚಮಚ.

"ಅಯ್ಯೋ, ಇದನ್ನ ಲಿಂಗಮ್ಮನ ಹತ್ರ ಎಷ್ಟು ಸಲ ಕೇಳಿದ್ದೆ," ಎಂದಳು ಅಮ್ಮ. "ಪಾಪ. ಭಾನುವಾರ ಹೋಗಿ ಅವಳನ್ನ ಮಾತಾಡಿಸ್ಕೊಂಡು ಬರಬೇಕು."

ಪೈಪ್ ಮತ್ತೆ ಜೋಡಿಸುವಾಗ ಅಮ್ಮನೇ ಮೊಬೈಲಿನ ಟಾರ್ಚ್ ಹಿಡಿದಳು. ರಾತ್ರಿ ಬರೀ ಉಪ್ಪಿಟ್ಟು. ಊಟವಾದ ಮೇಲೆ ಅಪ್ಪ ಸಿಂಕಿನ ಮುಂದೆ ಹೋಗಿ ನಿಂತ, ಕೇಳಲೋ ಬೇಡವೋ ಎಂಬ ಹಾಗೆ. ಅಮ್ಮ ಕೂತಲ್ಲಿಂದಲೇ ಹೇಳಿದಳು, "ಗ್ಲೌಸ್ ಇದೆ ನನ್ನ ಬ್ಯಾಗಲ್ಲಿ. ಹಾಕ್ಕೊಳ್ಳಿ. ಕೈ ಉರಿಯಲ್ಲ."

* * *

ಬೆಳಗಿನ ಜಾವ ಅನಘಾಗೆ ಎಚ್ಚರವಾಯಿತು. ಅಭ್ಯಾಸವಾಗಿಬಿಟ್ಟಿತ್ತು. ಅಡುಗೆಮನೆಯ ದೀಪ ಹೊತ್ತಿತು. ಅವಳು ಉಸಿರು ಹಿಡಿದು ಕಾದಳು.

ನಲ್ಲಿಯ ಸದ್ದು ಬಂದೇ ಬಂತು. ಆದರೆ ದಾರದಷ್ಟು ಸಣ್ಣಗಲ್ಲ, ಜೋರಾಗಿ, ಪಾತ್ರೆಯ ತಳಕ್ಕೆ ಬಿದ್ದು ಸಿಡಿಯುವ ಹಾಗೆ.

"ರೀ, ಎಚ್ಚರ ಇದ್ರೆ ಬನ್ನಿ ಇಲ್ಲಿ," ಎಂದಳು ಅಮ್ಮ.

ಅಪ್ಪ ರೂಮಿನಿಂದ ಕಣ್ಣುಜ್ಜುತ್ತಾ ಬಂದು, ಅನಘಾಳ ಹಾಸಿಗೆ ದಾಟಿಕೊಂಡು ಒಳಗೆ ಹೋದ.

"ಈ ಬಾಣಲೆ ತಳ ನೋಡಿ."

"ಏನೂ ಕಾಣ್ತಿಲ್ಲ."

"ಕಣ್ಣಲ್ಲಿ ಅಲ್ಲ, ಬೆರಳಲ್ಲಿ ನೋಡಿ."

ಸ್ವಲ್ಪ ಹೊತ್ತು ಬರೀ ನೀರಿನ ಸದ್ದು. "ಹ್ಞಾಂ, ಜಾರತ್ತೆ. ಸ್ವಲ್ಪ."

"ಸ್ವಲ್ಪ ಅಂತೆ. ತಗೊಳ್ಳಿ ನಾರು."

"ಕಾಫಿ ಆದ್ಮೇಲೆ ತೊಳೀತೀನಿ ಕಣೇ. ಇನ್ನೂ ಐದೂವರೆ."

"ನಿಮ್ಮ ಕಾಫಿಗೆ ಲೋಟ ಬೇಡ್ವಾ? ಅದೂ ಹಾಗೇ ಇದೆ."

ಮಾತು ಮೇಲೇರುತ್ತದೇನೋ ಎಂದು ಅನಘಾ ಕಾದಳು. ಏರಲಿಲ್ಲ, ಮುಗಿಯಲೂ ಇಲ್ಲ. ನೀರಿನ ಜೊತೆ ಹಾಗೇ ಹರಿಯುತ್ತಾ ಇತ್ತು. ಜಿಡ್ಡು ಅಂದರೆ ಏನು ಎಂಬುದು ಇವತ್ತೂ ತೀರ್ಮಾನವಾಗುವಂತಿರಲಿಲ್ಲ. ಬಹುಶಃ ನಾಳೆಯೂ ಇಲ್ಲ.

ಅವಳು ಹೊದಿಕೆ ಎಳೆದುಕೊಂಡಳು. ಎದ್ದ ಮೇಲೆ ಕೈವಾರವನ್ನು ಜಾಮಿಟ್ರಿ ಬಾಕ್ಸಿಗೆ ಹಾಕಿಡಬೇಕು, ಅದಿನ್ನೂ ಊಟದ ಬ್ಯಾಗಿನಲ್ಲೇ ಇತ್ತು. ಒಳಗೆ ಲೋಟಗಳು ಸದ್ದು ಮಾಡುತ್ತಿದ್ದವು. ಅವಳಿಗೆ ಕಿವಿಗೊಡಬೇಕೆನ್ನಿಸಲಿಲ್ಲ. ಮೂರು ವಾರದಲ್ಲಿ ಮೊದಲ ಸಲ, ಅಮ್ಮ ಬಂದು ಎಬ್ಬಿಸುವವರೆಗೂ ಅವಳು ನಿದ್ದೆ ಮಾಡಿದಳು.