ಬಾಗಿಲಿಗೆ ಕಟ್ಟಿದ ಕಾಗದದ ಹೂಚಕ್ರ

"ಕೈ ತೆಗೀರೀ...!"

ಆ ಕೂಗಿಗೆ ಲತಾಮಣಿ ತಲೆ ಎತ್ತಿದಳು. ಅಷ್ಟರಲ್ಲೇ ಯಾರೋ ಅವಳ ಮಣಿಕಟ್ಟು ಹಿಡಿದು ಹಿಂದಕ್ಕೆ ಎಳೆದರು. ಪ್ರೆಸ್ಸಿನ ಆಳು ಆಗಲೇ ಕಟಿಂಗ್ ಮೆಷಿನ್ನಿನ ಹಿಡಿಕೆ ಜಗ್ಗಿಯಾಗಿತ್ತು. ಬ್ಲೇಡು ಧಪ್ಪನೆ ಕೆಳಗಿಳಿಯಿತು.

"ಬೆರಳು ಹೋಗಿದ್ರೆ ಏನ್ಮಾಡ್ತಿದ್ರಿ? ಕಣ್ಣು ಕಾಣಲ್ವಾ ನಿಮಗೆ?"

"ಆ ಹಸಿರು ಪಟ್ಟಿ... ಕಸಕ್ಕೆ ಹಾಕ್ತೀರೇನೋ ಅಂತ... ನಾನು ಎತ್ಕೊಳ್ಳೋಣ ಅಂತ..."

"ಕಸಕ್ಕೋಸ್ಕರ ಕೈ ಕಳ್ಕೋತಿದ್ರಾ?"

ಬೈಗುಳದಲ್ಲಿ ಶುರುವಾದ ಪರಿಚಯ ನೋಡಿ ಇದು! ಬೈದವನು ಶರತ್ಚಂದ್ರ, ಅರಸೀಕೆರೆಯ ಪೇಟೆ ಬೀದಿಯಲ್ಲಿ ಮದುವೆ ಕಾರ್ಡು ಅಚ್ಚು ಹಾಕುವ ಸಣ್ಣ ಪ್ರೆಸ್ಸಿನ ಯಜಮಾನ. ಬೈಸಿಕೊಂಡವಳು ಸಿಸ್ಟರುಗಳ ಶಾಲೆಯ ಹೊಸ ಟೀಚರ್. ರೈಲ್ವೆ ಗ್ಯಾಂಗ್‌ಮನ್ ಹೊನ್ನಯ್ಯನಿಗೆ ಬೀರೂರಿನಿಂದ ಇಲ್ಲಿಗೆ ವರ್ಗವಾಗಿ ಎರಡು ತಿಂಗಳಾಗಿತ್ತು. ಅಪ್ಪನ ಜೊತೆ ಬಂದ ಮಗಳಿಗೆ ಈ ಊರಿನ ಸುಖದುಃಖ ಇನ್ನೂ ಗೊತ್ತಿರಲಿಲ್ಲ. ಅದು ತೊಂಬತ್ತೊಂಬತ್ತನೇ ಇಸವಿಯ ಡಿಸೆಂಬರ್.

ಕ್ರಿಸ್‌ಮಸ್ಸಿಗೆ ಶಾಲೆಯ ಬಾಗಿಲಿಗೆ ದುಂಡನೆಯ ಅಲಂಕಾರ ಬೇಕೆಂದಿದ್ದರು ಸಿಸ್ಟರ್. ಖರ್ಚು ಮಾತ್ರ ಮಾಡಬಾರದು!

"ಎಷ್ಟು ಬೇಕು ಕಾಗದ?" ಅವನ ದನಿ ಇಳಿದಿತ್ತು.

"ಮಿಕ್ಕಿದ್ದೆಲ್ಲ ಬೇಕು."

"ಸಂಜೆ ಸಂಜೆ ಬನ್ನಿ. ಎತ್ತಿಟ್ಟಿರ್ತೀನಿ."

ಅಂದಿನಿಂದ ದಿನಾ ಸಂಜೆ ಶಾಲೆ ಬಿಟ್ಟ ಮೇಲೆ ಅವಳ ಕಾಲು ಪ್ರೆಸ್ಸಿನ ಕಡೆಗೇ ತಿರುಗುತ್ತಿತ್ತು. ಅವನು ಹಸಿರು ಬೇರೆ, ಬಿಳಿ ಬೇರೆ, ಕೆಂಪು ಬೇರೆ ಕಟ್ಟು ಮಾಡಿ ಇಟ್ಟಿರುತ್ತಿದ್ದ. ಮಾತು ಕಡಿಮೆ. ನಗು ಇಲ್ಲವೇ ಇಲ್ಲ. ಆದರೆ ಒಂದು ದಿನವೂ ಕಟ್ಟು ಮರೆತಿರಲಿಲ್ಲ.

'ಈ ಮನುಷ್ಯನ ಮುಖದಲ್ಲಿ ಯಾಕಿಷ್ಟು ಕತ್ತಲೆ? ಒಂದು ಸಲ ನಕ್ಕರೆ ಏನು ಗಂಟು ಹೋಗುತ್ತೆ!' ಅಂದುಕೊಳ್ಳುತ್ತಿದ್ದಳು. ಆ ನಗು ತಾನೇ ತರಿಸಬೇಕೆಂಬ ಹುಚ್ಚು ಯಾವಾಗ ಹತ್ತಿತೋ ಅವಳಿಗೇ ತಿಳಿಯಲಿಲ್ಲ.

ಇಪ್ಪತ್ಮೂರನೇ ತಾರೀಕು ಅವನಾಗಿಯೇ ಕೇಳಿದ. "ನಿಮ್ಮ ಕಡೆಯೋರು ಯಾವ ಊರು? ಯಾವ ಜನ?"

ಲತಾಮಣಿ ತಲೆ ಎತ್ತಿಯೇ ಹೇಳಿದಳು. "ನಾವು ಬೌದ್ಧರು. ಊರ ಕಡೆ ಕೇಳಿದ್ರೆ ಬೇರೆ ಹೆಸರು ಹೇಳ್ತಾರೆ, ಕೇರಿಯೋರು ಅಂತ."

"ಓ..." ಅಂದ. ಅಷ್ಟೇ. ಮೆಷಿನ್ನಿನ ಕಡೆ ತಿರುಗಿಬಿಟ್ಟ. ಹಣೆಯ ವಿಭೂತಿ ಬೆವರಿಗೆ ಕರಗಿತ್ತು.

ಲತಾಮಣಿ ಕಾಗದದ ಕಟ್ಟು ಎತ್ತಿಕೊಂಡು ಹೊರಬಂದಳು. ಆದರೂ ಆಸೆ ಬಿಡಬೇಕಲ್ಲ! ಆ ಸಂಜೆ ಶಾಲೆಯ ಬಾಗಿಲಿನದು ಮುಗಿದ ಮೇಲೆ ಇನ್ನೊಂದು ಹೂಚಕ್ರಕ್ಕೆ ಕೂತಳು. ಹಳೇ ರಟ್ಟನ್ನು ಬಳೆಯಂತೆ ಕತ್ತರಿಸಿದಳು. ಮೈದಾ ಅಂಟಿಗೆ ಹುಳ ಬೀಳದಿರಲೆಂದು ಚಿಟಿಕೆ ಮೈಲುತುತ್ತ ಹಾಕಿ ಕಾಯಿಸಿದಳು. ಕಾಗದದ ಪಟ್ಟಿಗಳನ್ನು ಕಡ್ಲೆಕಾಯಿ ಪೊಟ್ಟಣದಂತೆ ಸುತ್ತಿ ಹೊರಸುತ್ತಿಗೆ ಹಸಿರು, ಒಳಸುತ್ತಿಗೆ ಬಿಳಿ, ಅಲ್ಲಲ್ಲಿ ಕೆಂಪು ಅಂಟಿಸಿದಳು.

"ಯಾರಿಗೇ ಇದು?" ತಾಯಿ ಮಾರಮ್ಮ ಕೇಳಿದರೆ, "ಕಾಗದ ಕೊಟ್ಟೋರಿಗಮ್ಮ" ಎಂದಳು, ಮುಖ ಕೆಂಪಾಯಿತು.

ಮಾರನೇ ಬೆಳಿಗ್ಗೆ ಪ್ರೆಸ್ಸಿನ ಬಾಗಿಲು ಇನ್ನೂ ಹಾಕಿತ್ತು. ಮುಂದೆ ಪ್ರೆಸ್ಸು, ಹಿಂದೆ ಮನೆ. ಎರಡಕ್ಕೂ ಅದೊಂದೇ ಬಾಗಿಲು. ಲತಾಮಣಿ ಬಾಗಿಲ ಮೇಲಿನ ತೋರಣದ ಮೊಳೆಗೆ ಹೂಚಕ್ರ ಕಟ್ಟಿ ಎರಡು ಹೆಜ್ಜೆ ಹಿಂದೆ ಸರಿದಳು, ಅಷ್ಟೇ. ರಂಗೋಲಿ ಬಟ್ಟಲು ಹಿಡಿದು ಅವನ ತಾಯಿ ಶಿವಗಂಗಮ್ಮ ಬಾಗಿಲು ತೆಗೆದರು. ಚಕ್ರ ಅವರ ಮುಖದೆದುರೇ ತೂಗಾಡಿತು.

"ಅಯ್ಯೋ... ಮತ್ತೆ ಯಾರನ್ನ ತಂದ್ರೋ...! ಯಾರನ್ನ ತಂದ್ರೋ ನನ್ನ ಬಾಗಿಲಿಗೆ!"

ಬಟ್ಟಲು ಬಿತ್ತು. ಮುದುಕಿ ಹೊಸ್ತಿಲ ಮೇಲೆಯೇ ಕುಸಿದರು. ಒಳಗಿನಿಂದ ಓಡಿಬಂದ ಶರತ್ಚಂದ್ರ ಒಂದೇ ಏಟಿಗೆ ಚಕ್ರ ಕಿತ್ತು ಹರಿದು ಬೀದಿಗೆಸೆದ.

"ನಮ್ಮ ಬಾಗಿಲಿಗೆ ಕೈ ಹಾಕು ಅಂತ ಯಾರು ಹೇಳಿದ್ರು ನಿಮಗೆ? ನಡೀರಿ ಆಚೆ! ಇನ್ನೊಂದ್ಸಲ ಈ ಕಡೆ ಬರಬೇಡಿ!"

ಎದುರುಮನೆಯ ರುದ್ರಮ್ಮ ಸುಮ್ಮನಿರಬಾರದೇ? "ಯಾರು ಎತ್ತ ಅಂತ ವಿಚಾರಿಸ್ದೆ ಸೇರಿಸ್ಕೊಂಡ್ರೆ ಹಿಂಗೇಯ" ಅಂದಳು. ಗಾಯದ ಮೇಲೆ ಬರೆ!

ಲತಾಮಣಿ ಅಳಲಿಲ್ಲ. ರೈಲ್ವೆ ಕ್ವಾರ್ಟರ್ಸ್ ತಲುಪಿ, ಬಚ್ಚಲಿನ ಬಾಗಿಲು ಹಾಕಿಕೊಂಡ ಮೇಲೆ ಅತ್ತಳು.

'ನಿನ್ನೆ ಜಾತಿ ಕೇಳಿದ. ಇವತ್ತು ಹರಿದ. ಇನ್ನೇನು ತಿಳಿಯಬೇಕಾಗಿತ್ತು ನನಗೆ? ಕಾಗದ ಮಾತ್ರ ಕೊಡಬಹುದು, ಬಾಗಿಲು ಮುಟ್ಟಬಾರದು!'

ದೂರದ ಅರೇಹಳ್ಳಿಯಲ್ಲಿದ್ದ ತಮ್ಮ ಇನ್ನೊಂದು ಶಾಲೆಗೆ ಒಬ್ಬ ಟೀಚರ್ ಬೇಕೆಂದು ಸಿಸ್ಟರ್ ವಾರದ ಹಿಂದೆ ಕೇಳಿದ್ದರು. ಅಂದೇ ಹೋಗಿ, "ಜನವರಿ ಮೂರಕ್ಕೆ ಹೋಗ್ತೀನಿ" ಎಂದುಬಿಟ್ಟಳು.

ಭಾನುವಾರ ಮಧ್ಯಾಹ್ನ ಕ್ವಾರ್ಟರ್ಸಿನ ಮುಂದೆ ಸೈಕಲ್ ನಿಂತಿತು.

"ಒಳಗೆ ಬರಬಹುದಾ?" ಶರತ್ಚಂದ್ರ. ಮೂರು ದಿನದ ಗಡ್ಡ, ನಿದ್ದೆಗೆಟ್ಟ ಕಣ್ಣು.

ಹೊನ್ನಯ್ಯ ಕುರ್ಚಿ ಹಾಕಿದ. ಲತಾಮಣಿ ಗೋಡೆಗೆ ಒರಗಿ ನಿಂತಳು.

"ಕ್ಷಮೆ ಕೇಳೋಕೆ ಬಂದೆ ಮೇಡಂ. ಅವತ್ತು ಹಾಗೆ..."

"ಯಾಕೆ ಕ್ಷಮೆ? ನಿಮ್ಮ ಬಾಗಿಲು ನೀವು ಕಾಪಾಡ್ಕೊಂಡ್ರಿ. ನಮ್ಮ ಜಾತಿ ಕೇಳಿದ ಮಾರನೇ ದಿನವೇ!"

ಅವನು ಕುರ್ಚಿಯಿಂದ ಅರ್ಧ ಎದ್ದ.

"ಜಾತಿಯಾ...? ಅಯ್ಯೋ, ಅದಲ್ಲ ರೀ! ನನ್ನ ತಮ್ಮ... ಇಂದುಧರ..."

ಹೊನ್ನಯ್ಯನೇ ನೀರು ತಂದುಕೊಟ್ಟ. ಶರತ್ಚಂದ್ರ ಗಟಗಟನೆ ಕುಡಿದು ಹೇಳಿದ.

"ಮಿಲಿಟರೀಲಿದ್ದ. ಜುಲೈಲಿ ಗಡೀಲಿ ಹೋದ. ಪೆಟ್ಟಿಗೆ ಬಂತು. ಅದರ ಮೇಲೆ ಇಂಥವೇ ಇದ್ವು, ದುಂಡಗೆ, ಹಸಿರು ಬಿಳಿ... ನಮ್ಮಮ್ಮ ಅದಕ್ಕೆ ಮುಂಚೆ ಅಂಥದ್ದು ಕಂಡೋರೇ ಅಲ್ಲ. ಅವರಿಗೆ ಅದು ಮನೆಗೆ ಹೆಣ ಬಂದಾಗ ಬರೋ ವಸ್ತು ಅಂತ ಮಾತ್ರ ಗೊತ್ತು."

ಲತಾಮಣಿ ಗೋಡೆಗುಂಟ ಜಾರಿ ನೆಲಕ್ಕೆ ಕೂತಳು. ಆ ಮಳೆಗಾಲದಲ್ಲಿ ಟಿವಿಯಲ್ಲಿ ಅವಳೂ ನೋಡಿದ್ದಳಲ್ಲ, ಸಾಲು ಸಾಲು ಪೆಟ್ಟಿಗೆ, ಮೇಲೆ ದುಂಡನೆಯ ಹೂವು! ತಿಳಿದವಳಿಗೆ ಹೊಳೆಯಬಾರದಿತ್ತೇ?

"ಆದರೆ..." ಅವನು ತಲೆ ತಗ್ಗಿಸಿದ. "ಸುಳ್ಳು ಹೇಳಲ್ಲ. ಹಿಂದಿನ ದಿನ ನೀವು ಹೇಳಿದಾಗ ನಾನು ಸುಮ್ಮನಾದ್ನಲ್ಲ, ಅದು ಮಾತ್ರ ಜಾತಿಗೇ. ನಿಮ್ಮನ್ನ ಇಷ್ಟಪಟ್ಟುಬಿಟ್ಟಿದ್ದೆ. ಅಮ್ಮನಿಗೆ ಹೇಗೆ ಹೇಳೋದು ಅಂತ ಹೆದರಿದ್ದೆ."

ಈ ನಿಜಕ್ಕೆ ಅವಳಿಗೆ ಕೋಪ ಬರಬೇಕಿತ್ತು. ಬಂತು ಕೂಡ! ಆದರೆ ಸುಳ್ಳು ಹೇಳಿ ಸುಲಭವಾಗಿ ತಪ್ಪಿಸಿಕೊಳ್ಳಬಹುದಾಗಿದ್ದವನು ಹೇಳಲಿಲ್ಲವಲ್ಲ ಎಂದು ಕಣ್ಣೂ ತುಂಬಿತು.

"ಅಮ್ಮ ಹೇಗಿದ್ದಾರೆ?"

"ಮೂರು ದಿನದಿಂದ ಊಟ ಬಿಟ್ಟಿದಾರೆ."

"ನಾನು ನೋಡ್ಬೇಕು. ಬೈದ್ರೂ ಪರವಾಗಿಲ್ಲ."

ಶಿವಗಂಗಮ್ಮ ಬೈಯಲಿಲ್ಲ. ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದರು. ಲತಾಮಣಿ ಕಾಲಬಳಿ ಕೂತು, "ತಪ್ಪಾಯ್ತಮ್ಮ, ನಂಗೆ ಗೊತ್ತಿರಲಿಲ್ಲ" ಎಂದು ಬಿಕ್ಕಿದಳು. ಮುದುಕಿ ಮೆಲ್ಲಗೆ ಈ ಕಡೆ ತಿರುಗಿದರು.

"ಅದನ್ನ ನೀನೇ ಮಾಡಿದ್ಯೇನವ್ವ? ಕೈಯಾಗೆ?"

"ಹೂಂ."

"ಆವತ್ತು ದೊಡ್ಡ ದೊಡ್ಡೋರೆಲ್ಲ ಇಟ್ರು. ಪೆಟ್ಟಿಗೆ ಬಿಚ್ಚಬ್ಯಾಡಿ ಅಂದ್ರು. ನಮ್ಮೋರಂಗೆ ಕೂರಿಸಿ ಮಣ್ಣು ಮಾಡಕ್ಕೂ ಆಗ್ಲಿಲ್ಲ. ಹೆತ್ತೋಳು ಒಂದು ಹೂ ಇಡಾಕೆ ಜಾಗ ಇರ್ಲಿಲ್ಲ ಕಣವ್ವ ಅದರ ಮ್ಯಾಲೆ..." ಶಿವಗಂಗಮ್ಮ ಎದ್ದು ಕೂತರು. "ನಂಗೂ ಒಂದು ಮಾಡಾದು ಹೇಳ್ಕೊಡ್ತೀಯಾ?"

ಶರತ್ಚಂದ್ರ ಕಾಗದ ತಂದ. ಮುದಿ ಬೆರಳಿಗೆ ಪೊಟ್ಟಣ ನಿಲ್ಲುತ್ತಿರಲಿಲ್ಲ, ಸುತ್ತಿದ್ದು ಬಿಚ್ಚಿಕೊಳ್ಳುತ್ತಿತ್ತು. ಲತಾಮಣಿ ಆ ಕೈಯ ಮೇಲೆ ಕೈಯಿಟ್ಟು ಸುತ್ತಿಸಿದಳು. ಅವರು ಅತ್ತರು, ಸುತ್ತಿದರು, ಮತ್ತೆ ಅತ್ತರು. ಮುಗಿದಾಗ ಚಕ್ರ ಸೊಟ್ಟಗಿತ್ತು. ಆ ರಾತ್ರಿ ಮುದುಕಿ ಎರಡು ತುತ್ತು ಮುದ್ದೆ ನುಂಗಿದರು.

ಸೋಮವಾರ ಮೂವರೂ ಬಸ್ಸು ಹತ್ತಿ ಶರತ್ಚಂದ್ರನ ಸ್ವಂತ ಊರು ಕಣಕಟ್ಟೆಗೆ ಹೋದರು. ಅಲ್ಲಿನ ಮನೆತನದ ತೆಂಗಿನ ತೋಟದ ಮೂಲೆಯಲ್ಲಿ ಇಂದುಧರನ ಸಮಾಧಿ. ಶಿವಗಂಗಮ್ಮ ಸೊಟ್ಟ ಚಕ್ರ ಇಟ್ಟು, ಮಗನ ತಲೆ ಸವರುವಂತೆ ಕಲ್ಲು ಸವರಿದರು.

ಅಷ್ಟರಲ್ಲಿ ಶರತ್ಚಂದ್ರನ ಚಿಕ್ಕಪ್ಪ ರಾಮಣ್ಣ ಬಂದ. "ಅತ್ತಿಗೆಮ್ಮ, ಈ ಹುಡ್ಗಿ ಯಾರು? ನಮ್ಮೋರಾ?"

ಲತಾಮಣಿ ಶರತ್ಚಂದ್ರನ ಮುಖ ನೋಡಿದಳು. 'ಈಗಲೂ ಇವನು ಸುಮ್ಮನಾದರೆ... ಅರೇಹಳ್ಳಿಯಿಂದ ನಾನು ತಿರುಗಿ ನೋಡೋದಿಲ್ಲ.'

"ಅಲ್ಲ ಚಿಕ್ಕಪ್ಪ. ಕೇರಿಯೋರು, ರೈಲ್ವೆ ಹೊನ್ನಯ್ಯನೋರ ಮಗಳು." ಶರತ್ಚಂದ್ರ ಅವಳ ಪಕ್ಕಕ್ಕೆ ಸರಿದು ನಿಂತ. "ಅವರು ಒಪ್ಪಿದ್ರೆ ನಾನು ಮದ್ವೆ ಆಗೋದು ಇವರನ್ನೇ."

ರಾಮಣ್ಣನ ಮುಖ ಕಪ್ಪಿಟ್ಟಿತು. "ಅತ್ತಿಗೆ, ಕೇಳಿಸ್ತಾ ನಿನ್ ಮಗ ಅಂದದ್ದು? ಇನ್ಮ್ಯಾಲೆ ಈ ತೋಟಕ್ಕೆ ಹೆಂಗೆ ಬತ್ತೀರಿ ನೋಡ್ತೀನಿ!"

ಶಿವಗಂಗಮ್ಮನಿಗೂ ಅದು ಹೊಸ ಸುದ್ದಿಯೇ! ಹುಡುಗಿಯನ್ನೊಮ್ಮೆ, ಮಗನನ್ನೊಮ್ಮೆ, ಕಲ್ಲನ್ನೊಮ್ಮೆ ನೋಡಿದರು.

"ಒಬ್ಬನ್ನ ಗಡಿಗೆ ಕೊಟ್ಟೆ ರಾಮಣ್ಣ. ಇನ್ನೊಬ್ಬನ್ನ ಜಾತಿಗೆ ಕೊಡಾಕಾಗಲ್ಲ ನಂಗೆ. ಹೋಗು."

ರಾಮಣ್ಣ ಟವೆಲ್ಲು ಕೊಡವಿ ಹೆಗಲಿಗೆಸೆದು ಹೊರಟುಹೋದ. ಮುದುಕಿ ಮತ್ತೆ ಸಮಾಧಿಗೆ ಒರಗಿ ಸದ್ದಿಲ್ಲದೆ ಅಳತೊಡಗಿದರು. ತೋಟದಲ್ಲಿ ಬೇರೆ ಯಾರೂ ಇರಲಿಲ್ಲ.

"ನನ್ನ ಕೇಳದೇನೇ ಊರಿಗೆಲ್ಲ ಹೇಳಿಬಿಟ್ರಲ್ಲ?" ಲತಾಮಣಿ ಅವನ ಕಡೆ ತಿರುಗಿದಳು.

"ಈಗ ಕೇಳ್ತಿದೀನಿ. ಒಪ್ತೀರಾ?"

"ಜನವರಿಗೆ ಅರೇಹಳ್ಳಿಗೆ ಹೋಗ್ಬೇಕು. ಮಾತು ಕೊಟ್ಟಿದೀನಿ."

"ಹೋಗಿ. ಭಾನುವಾರ ಭಾನುವಾರ ಬಸ್ಸಿಗೆ ಬರ್ತೀನಿ."

"ನಮಗೆ ಕಷ್ಟ ಇದೆ ರೀ ಮುಂದೆ..."

"ಗೊತ್ತು. ನಂಗೆ ಈಗಲೂ ಹೆದರಿಕೆ ಆಗ್ತಿದೆ."

"ನಂಗೂ" ಎಂದಳು. ಸೆರಗಿನಿಂದ ಕಣ್ಣೊರೆಸಿಕೊಂಡು, "ಬನ್ನಿ, ಅಮ್ಮನ್ನ ಎಬ್ಬಿಸೋಣ. ನೀವು ಆ ಕೈ ಹಿಡ್ಕೊಳ್ಳಿ, ನಾನು ಈ ಕೈ ಹಿಡ್ಕೋತೀನಿ" ಎಂದಳು.