ಮುತ್ಯಾನ ಸೊಟ್ಟ ಪಟಗಾ

"ಬಾಯಿ ತೆಗಿ ಮುತ್ಯಾ, ಆ ಅನ್ನು! ಇದೊಂದ ತುತ್ತು."

ಕಾಜಲ್ ಹಾಲಿನಲ್ಲಿ ನೆನೆಸಿದ ಬಿಸ್ಕೀಟನ್ನು ಅಜ್ಜನ ಬಾಯಿಗೆ ತುರುಕಿದಳು. ವಿಠೋಬ ಮುತ್ಯಾ ಮುಖ ತಿರುಗಿಸಿದ. ಹೊಟ್ಟೆಯಲ್ಲಿ ಜಾಗವಿದ್ದರೆ ತಾನೇ? ಬೆಳಗಿನಿಂದ ಬಂದವರೆಲ್ಲ ಒಂದೊಂದು ತುತ್ತು ತಿನ್ನಿಸಿಯೇ ಎದ್ದಿದ್ದರು.

ಮುತ್ಯಾನಿಗೆ ಬೇಸಿಗೆಯಲ್ಲಿ ಲಕ್ವಾ ಹೊಡೆದಿತ್ತು. ರಕ್ತ ಸಿಗದೆ ಮಿದುಳಿನ ಒಂದು ಭಾಗಕ್ಕೆ ಪೆಟ್ಟಾಗಿ, ಬಲಗೈ ಸೋತು ತೊಡೆಯ ಮೇಲೆ ಬಿದ್ದುಕೊಂಡಿತ್ತು. ಮಾತೂ ತೊದಲುತ್ತಿತ್ತು.

"ಕೈಯಾಗ ಇನ್ನೂ ಜೀವ ಐತಿ. ಅವರ ಕೆಲಸಾ ಅವರ ಮಾಡ್ಕೋಬೇಕು. ಇಲ್ಲಂದ್ರ ಕೈ ಹಿಂಗ ಉಳೀತೈತಿ" ಎಂದು ಜತ್ತದ ಡಾಕ್ಟರ್ ಹೇಳಿದ್ದರು. ಮನೆಯವರೆಲ್ಲ ಹೌದು ಹೌದು ಎಂದು ತಲೆಯಾಡಿಸಿ, ಆ ಮಾತನ್ನು ದವಾಖಾನೆಯ ಬಾಗಿಲಲ್ಲೇ ಬಿಟ್ಟು ಬಂದಿದ್ದರು.

ಬಿಳೂರಿನಲ್ಲಿ ಒಂದು ಪದ್ಧತಿ. ಕಾಯಿಲೆಯವರನ್ನು ಮಾತಾಡಿಸಲು ಬರಿಗೈಯಲ್ಲಿ ಹೋಗಬಾರದು, ಹೋದವರು ಸುಮ್ಮನೆ ಕೂಡಬಾರದು. ಬಿಸ್ಕೀಟ್ ಪುಡಿಕೆ ಕೊಡಬೇಕು, ನಾಲ್ಕು ಜನ ನೋಡುವಂತೆ ಏನಾದರೂ ಸೇವೆ ಮಾಡಬೇಕು. ಇಲ್ಲದಿದ್ದರೆ ಬಂದ ಪುಟ್ಟ ಹೋದ ಪುಟ್ಟ ಎಂದು ಜನ ಆಡಿಕೊಳ್ಳುತ್ತಾರೆ.

ಆದ್ದರಿಂದ ಕಾಜಲ್‌ಳ ಸೋದರತ್ತೆ ಯಮನವ್ವ ಮುತ್ಯಾನ ಮುಖ ಒರೆಸುತ್ತಿದ್ದಳು. ಕೊಳೆ ಇದ್ದರೂ ಒರೆಸುತ್ತಿದ್ದಳು, ಇಲ್ಲದಿದ್ದರೂ ಒರೆಸುತ್ತಿದ್ದಳು. ಸೊರಡಿಯಿಂದ ಬಂದ ಸಾತಪ್ಪ ಮಾವ ಮುತ್ಯಾನ ತಲೆಗೆ ಪಟಗಾ, ಅಂದರೆ ರುಮಾಲು, ಸುತ್ತುತ್ತಿದ್ದ. ಮುತ್ಯಾನಿಗೆ ಪೆಟ್ಟಾಗಿದ್ದು ತಲೆಯ ಒಳಗೆ. ಮಾವ ಸುತ್ತಿದ ಪಟಗಾ ನೋಡಿದರೆ ತಲೆಯ ಹೊರಗೂ ಪೆಟ್ಟಾದಂತೆ ಕಾಣುತ್ತಿತ್ತು.

"ಪಾರಿವಾಳದ ರಕ್ತ ತಿಕ್ಕಿದ್ರ ಲಗೂನ ಆರಾಮ ಆಕ್ಕೈತಿ" ಎಂದ ಮಾವ. ಪುಣ್ಯಕ್ಕೆ ಮಾವನ ಕೈಗೆ ಸಿಗುವಷ್ಟು ದಡ್ಡ ಪಾರಿವಾಳ ಬಿಳೂರಿನಲ್ಲಿ ಇರಲಿಲ್ಲ.

"ಪಟಗಾ... ನಾ... ನಾನ..." ಎಂದ ಮುತ್ಯಾ. ಕುರಿಗಳ ಹಿಂದೆ ನಡೆಯುತ್ತಲೇ ಪಟಗಾ ಸುತ್ತಿಕೊಳ್ಳುತ್ತಿದ್ದವನು ಅವನು.

"ನೀ ಸುಮ್ಮ ಕುಂದರಪ್ಪಾ. ನಾವು ಅದೀವಲ್ಲಾ?" ಎಂದಳು ಯಮನವ್ವ.

ಕಾಜಲ್ ಏನು ಕಡಿಮೆ? ಅಂಗಿಯ ಗುಂಡಿ ಹಾಕುವುದು ಅವಳದೇ ಹಕ್ಕು. ಬೇರೆಯವರು ಮುಟ್ಟಿದರೆ ರಂಪ ಮಾಡುತ್ತಿದ್ದಳು. "ನಮ್ಮ ಮುತ್ಯಾಗ ನಾನ ಬೇಕು" ಎಂದು ಸಾಲಿಯಲ್ಲೆಲ್ಲ ಜಂಬ ಕೊಚ್ಚುತ್ತಿದ್ದಳು.

ಸಾಲಿಯಲ್ಲಿ ಬೇರೆ ಗದ್ದಲ. ವಿಜ್ಞಾನ ಪ್ರದರ್ಶನಕ್ಕೆಂದು ಮಹಾಂತ ಗುರೂಜಿ 'ಮಿದುಳಿಗೆ ಪೆಟ್ಟಾದಾಗ' ಎಂಬ ನಾಟಕ ಆಡಿಸುತ್ತಿದ್ದರು. ಕಾಜಲ್‌ಗೆ ನರದ ಪಾರ್ಟು ಬೇಕಿತ್ತು. ಅದು ಅವಳ ತರಗತಿಯ ತಾನಾಜಿಗೆ ಹೋಯಿತು. ಅವಳಿಗೆ ಸಿಕ್ಕಿದ್ದು ಆಸರೆ ಕೋಶ.

"ಇವಕ್ಕ ಗ್ಲಿಯಾ ಅಂತಾರ. ನರಕ್ಕ ಊಟಾ ಕೊಡೂದು, ಕಸಾ ತೆಗಿಯೂದು, ಕಾಯೂದು ಇವುಗಳ ಕೆಲಸ" ಎಂದರು ಗುರೂಜಿ.

"ಅಂದ್ರ ಮನಿಗೆಲಸ ಏನ್ರಿ?" ಕಾಜಲ್ ಮೂತಿ ಉಬ್ಬಿಸಿದಳು.

"ಹೂಂ. ಅವು ಇಲ್ಲಂದ್ರ ನಿನ್ನ ನರ ಒಂದಿನಾನೂ ಬಾಳೂದಿಲ್ಲ."

ಗುರೂಜಿ ಚಪ್ಪಾಳೆ ತಟ್ಟಿದರು. ಅದೇ ಪೆಟ್ಟು. ತಾನಾಜಿ "ಅಯ್ಯೋ!" ಎಂದು ಬಿದ್ದು, ನಾಲ್ಕು ಸಲ ಹೊರಳಿ, ಸಾಯಲು ಮನಸ್ಸಿಲ್ಲದವನಂತೆ ಒದ್ದಾಡಿದ. ಸಣ್ಣ ಹುಡುಗರು ಕಸಬರಿಗೆ ಹಿಡಿದು ಓಡಿಬಂದು ಸತ್ತ ಕೋಶಗಳ ಚೂರು ಗುಡಿಸಿದರು. ಕಾಜಲ್ ಮತ್ತು ಗೆಳತಿಯರು ಕೈಕೈ ಹಿಡಿದು ಗಾಯದ ಸುತ್ತ ಗೋಡೆಯಾಗಿ ನಿಂತರು.

"ಶಾಬ್ಬಾಸ್! ಈಗ ಗಾಯ ಹಬ್ಬೂದಿಲ್ಲ. ತಾನಾಜಿ, ಈಗ ನೀ ನರದಿಂದ ಚಿಗಿಯೂ ಹೊಸಾ ಎಳಿ. ಎದ್ದು, ಬೋರ್ಡ್ ಕಡೆ ನಿಂತ ನರಾ ಮುಟ್ಟಾಕ ನೋಡು."

ತಾನಾಜಿ ಎದ್ದು ನುಗ್ಗಿದ. ಕಾಜಲ್ ಇನ್ನೂ ಬಿಗಿಯಾಗಿ ಹಿಡಿದಳು.

"ಏ ಕಾಜಲ್, ಬಿಡು! ಗುರೂಜಿ, ಹೋಗಾಕ ಬಿಡವಲ್ಲಳ್ರಿ!"

"ನಾ ಕಾಯಾಕತ್ತೀನಿ!"

"ಯಾರ್ನ?"

"ನಿನ್ನ!"

ತರಗತಿಯೆಲ್ಲ ನಕ್ಕಿತು. ಗುರೂಜಿಯೂ ನಕ್ಕರು. "ಖರೇನೂ ಹಿಂಗ ಆಕ್ಕೈತಿ. ಮೊದಲ ಈ ಗೋಡಿ ಬೇಕ ಬೇಕು. ಆದ್ರ ಆಮ್ಯಾಲೂ ಗಟ್ಟಿ ನಿಂತ್ರ, ಹೊಸಾ ಎಳಿಗೆ ದಾಟಾಕ ಆಗೂದಿಲ್ಲ."

"ಮತ್ತ ಲಕ್ವಾ ಹೊಡದವರ ಕೈ ಹೆಂಗ ಬರ್ತೈತ್ರಿ?" ಕಾಜಲ್‌ಳ ದನಿ ಸಣ್ಣದಾಗಿತ್ತು.

"ಬಾಜೂ ಇದ್ದ ನರಗೋಳು ಆ ಕೆಲಸಾ ಕಲೀಬೇಕು. ಕೈಯಿಂದ ಮಾಡಿಸಿ ಮಾಡಿಸಿ ಕಲಿಸಬೇಕು."

ತಾನಾಜಿ ಕೆಂಪಾದ ತನ್ನ ಮುಂಗೈ ತಿಕ್ಕಿಕೊಳ್ಳುತ್ತಿದ್ದ. ಕಾಜಲ್‌ಗೆ ಅವನನ್ನು ಅಣಕಿಸುವ ಮನಸ್ಸೇ ಬರಲಿಲ್ಲ.

ಸಂಜೆ ಮನೆಗೆ ಬಂದಾಗ ಮುತ್ಯಾನೇ ಕಾಣಲಿಲ್ಲ. ಕಂಡಿದ್ದು ಬರೀ ಬೆನ್ನುಗಳು. ಅತ್ತೆ, ಮಾವ, ಓಣಿಯ ಹೆಂಗಸರು, ಎಲ್ಲರೂ ಅವನ ಸುತ್ತ ಒತ್ತಾಗಿ ಕೂತಿದ್ದರು. ಕಾಜಲ್ ಸಂದಿಯಲ್ಲಿ ನುಸುಳಿ ಮುಂದೆ ಹೋದಳು.

ಪಟಗಾ ಬಿಚ್ಚಿ ಮುತ್ಯಾನ ಮಡಿಲಿಗೆ ಬಿದ್ದಿತ್ತು. ಅವನು ಎಡಗೈಯಿಂದ ಅದನ್ನು ಎಳೆದುಕೊಳ್ಳುತ್ತಿದ್ದ. ಸಾತಪ್ಪ ಮಾವ ಕಿತ್ತುಕೊಂಡ.

"ಬ್ಯಾಡ ಮಾವಾ! ಮುತ್ಯಾ ತಾನ ಕಟ್ಕೋತಾನ!" ಕಾಜಲ್ ಬಟ್ಟೆಯನ್ನು ಕಸಿದು ಮತ್ತೆ ಮಡಿಲಿಗಿಟ್ಟಳು.

"ಅಯ್ಯ, ಇದರ ಬಾಯಿ ನೋಡ್ರಿ! ಮುತ್ಯಾನ ಮ್ಯಾಲ ಅಂತಃಕರಣ ಇಲ್ಲ ಇದಕ್ಕ" ಎಂದಳು ಅತ್ತೆ.

ಮುತ್ಯಾ ಒಂದೇ ಕೈಯಲ್ಲಿ ಸುತ್ತಿಕೊಳ್ಳಲು ನೋಡಿದ. ಜಾರಿತು. ಮತ್ತೆ ನೋಡಿದ. ಮತ್ತೆ ಜಾರಿತು. ಕಣ್ಣಲ್ಲಿ ನೀರು ಬಂತು.

"ಕಾಜಲಾ... ಕಟ್ಟ."

ಅವಳ ಕೈಗಳು ತಾವಾಗಿಯೇ ಮುಂದೆ ಹೋದವು. ಅವುಗಳನ್ನು ಎಳೆದು ತೊಡೆಯ ಕೆಳಗೆ ಇಟ್ಟುಕೊಂಡು, ಗಟ್ಟಿಯಾಗಿ ಮೇಲೆ ಕೂತಳು.

"ಇಲ್ಲ ಮುತ್ಯಾ. ನೀನ ಕಟ್ಕೋ."

ಮುತ್ಯಾನ ಮುಖ ಕೆಂಡವಾಯಿತು. "ಹಲ್ಕಟ್... ಪೋರಿ!" ಎಂದು ಹೊಡೆಯಲು ಕೈ ಎತ್ತಿದ.

ಎತ್ತಿದ್ದು ಬಲಗೈ.

ಕೈ ಎದೆಯವರೆಗೆ ಬಂದು, ಗಡಗಡ ನಡುಗಿ, ಪಟಗಾದ ಮೇಲೆ ಬಿತ್ತು. ಮುತ್ಯಾ ಅದನ್ನೇ ನೋಡಿದ. ಬೆರಳುಗಳು ನಿಧಾನವಾಗಿ ಮಡಚಿ ಬಟ್ಟೆಯ ತುದಿಯನ್ನು ಅದುಮಿ ಹಿಡಿದವು. ಎಡಗೈ ಸುತ್ತತೊಡಗಿತು.

ಚಹಾ ಆರಿ ಕೆನೆ ಕಟ್ಟುವಷ್ಟು ಹೊತ್ತು ಹಿಡಿಯಿತು. ಕೊನೆಗೆ ಪಟಗಾ ಒಂದು ಕಣ್ಣಿನ ಮೇಲೆಯೇ ಇಳಿದು ಕೂತಿತು. ಸರಿಪಡಿಸಲು ಅತ್ತೆ ಕೈ ಚಾಚಿದಳು. ಕಾಜಲ್ ಆ ಕೈಯನ್ನು ಹಿಡಿದುಕೊಂಡಳು.

"ಹೆಂಗ... ಕಾಣತೈತಿ?" ಎಂದ ಮುತ್ಯಾ.

"ಸೊಟ್ಟ ಐತಿ."

ಮುತ್ಯಾ ಅರ್ಧ ಬಾಯಲ್ಲಿ ನಕ್ಕ. ನಗುವಾಗ ಅಂಗಿ ಸರಿದು ಮೇಲಿನ ಗುಂಡಿ ಬಿಚ್ಚಿದ್ದು ಕಂಡಿತು. ಕಾಜಲ್ ಅದನ್ನು ನೋಡಿದಳು. ಅತ್ತೆಯ ಕೈ ಬಿಟ್ಟು, ತನ್ನ ಕೈಗಳನ್ನು ಮತ್ತೆ ತೊಡೆಯ ಕೆಳಗೆ ಇಟ್ಟುಕೊಂಡಳು.